ಟಿಎಲ್‌ಡಿಆರ್ ಅಂದರೆ ಗೊಬ್ಬರ ಅಲ್ವಂತೆ! ಈ ಮೂರಕ್ಷರದ ಭಾಷೆ ಯಾರಾದರೂ ಬಿಡಿಸಿ ಹೇಳಿ

ಮಲ್ಲಿಗೆಬಳ್ಳಿ · ಭಾನುವಾರ, ಬೆಳಗ್ಗೆ 7:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಹೊಸಬಳು. ವಯಸ್ಸು 61. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಿಯಾದವಳು. ಈಗ ಮಗಳ ಮನೆಯ ಟೆರೇಸಿನಲ್ಲಿ ಕುಂಡಗಳ ಜೊತೆ ಕಾಲ ಕಳೆಯುತ್ತೇನೆ.

ಹೋದ ವಾರ ಒಂದು ಕೈತೋಟದ ಗುಂಪಿನಲ್ಲಿ ನನ್ನ ಕರಿಬೇವಿನ ಗಿಡದ ಬಗ್ಗೆ ಕೇಳಿದ್ದೆ. ಎಲೆ ಹಳದಿ ಆಗುತ್ತಿದೆ, ನರ ಮಾತ್ರ ಹಸಿರು. ಗಿಡ ತಂದದ್ದು ಯಾವಾಗ, ಕುಂಡ ಬದಲಿಸಿದ್ದು ಯಾವಾಗ, ನೀರು ಎಷ್ಟು, ಬಿಸಿಲು ಎಷ್ಟು, ಎಲ್ಲ ವಿವರವಾಗಿ ಬರೆದೆ. ಟೀಚರ್ ಅಲ್ವಾ, ಪೂರ್ತಿ ಹೇಳದಿದ್ದರೆ ಸಮಾಧಾನ ಇಲ್ಲ. ಮೊದಲ ಉತ್ತರ ಒಂದೇ ಪದ: ಟಿಎಲ್‌ಡಿಆರ್.

ಆ ಗುಂಪಿನಲ್ಲಿ ಬೆಳಗಾದರೆ ಎನ್‌ಪಿಕೆ, ಡಿಎಪಿ, 19 ಆಲ್ ಅಂತಲೇ ಮಾತು. ಇದೂ ಒಂದು ಗೊಬ್ಬರ ಇರಬೇಕು ಅಂದುಕೊಂಡೆ. ಚೀಟಿಯಲ್ಲಿ ಬರೆದುಕೊಂಡು ಗೊಬ್ಬರದ ಅಂಗಡಿಗೆ ಹೋದೆ. "ಟಿಎಲ್‌ಡಿಆರ್ ಕಾಲು ಕೇಜಿ ಕೊಡಪ್ಪ" ಅಂದೆ. ಅಂಗಡಿ ಹುಡುಗ ಚೀಟಿ ನೋಡಿದ, ಒಳಗೆ ಹೋದ, ವಾಪಸ್ ಬಂದ. "ಸ್ಟಾಕ್ ಮುಗಿದಿದೆ ಮೇಡಂ, ಬುಧವಾರ ಬರುತ್ತೆ" ಅಂದ!

ಮಗಳಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅರ್ಥ ಮಾತ್ರ ಹೇಳಲಿಲ್ಲ, ಮೀಟಿಂಗ್ ಇದೆ ಅಂತ ಬಾಗಿಲು ಹಾಕಿಕೊಂಡಳು. ಅಲ್ಲಿ ಕಂಡ ಉಳಿದ ಪದಗಳು: ಒಪಿ, ಐಐಆರ್‌ಸಿ, ವೈಎಮ್‌ಎಮ್‌ವಿ, ಎಸ್‌ಎಮ್‌ಎಚ್, ಬಂಪ್, ಪಿಎಮ್ ಮಾಡಿ, ಟಿಐಎ. ಯಾರಾದರೂ ಹೇಳಿಕೊಟ್ಟರೆ ಉಪಕಾರ. ಕರಿಬೇವಿನ ಬಗ್ಗೆ ಗೊತ್ತಿದ್ದರೆ ಅದನ್ನೂ ಹೇಳಿ.

ಸುಮ್ನೆಬಂದೆ · 7:52

ಅಂಗಡಿ ಹುಡುಗನಿಗೆ ನನ್ನ ಕಡೆಯಿಂದ ಒಂದು ಸಲಾಂ. ಬುಧವಾರ ಹೋಗಿ ನೋಡಿ ಮೇಡಂ. ಬಂದಿದ್ದರೂ ಬಂದಿರಬಹುದು.

ಕೀಪ್ಯಾಡ್‌ಕುಮಾರ · 8:15

ಮೇಡಂ, ನಿಮ್ಮಿಂದ ಬೆಳಗಿನ ಕಾಫಿ ನೆತ್ತಿಗೆ ಹತ್ತಿತು.

ಟಿಎಲ್‌ಡಿಆರ್ ಅಂದರೆ "ಟೂ ಲಾಂಗ್, ಡಿಡಂಟ್ ರೀಡ್". ತುಂಬಾ ಉದ್ದ, ಓದಲಿಲ್ಲ ಅಂತ. ಅವರು ಹಾಗೆ ಹೇಳಿದ್ದು ಒರಟು. ಆದರೆ ಬರೆದವರೇ ಇದನ್ನು ಹಾಕಿಕೊಂಡರೆ ಒರಟಲ್ಲ. ಉದ್ದ ಬರೆದು ಕೊನೆಗೆ "ಟಿಎಲ್‌ಡಿಆರ್: ಕರಿಬೇವಿನ ಎಲೆ ಹಳದಿ, ಏನು ಹಾಕಲಿ?" ಅಂತ ಒಂದು ಸಾಲು ಸೇರಿಸಿದರೆ, ಪುರುಸೊತ್ತಿಲ್ಲದವರು ಅಷ್ಟೇ ಓದಿ ಉತ್ತರ ಕೊಡುತ್ತಾರೆ.

ಒಪಿ ಅಂದರೆ ಒರಿಜಿನಲ್ ಪೋಸ್ಟರ್, ಚರ್ಚೆ ಶುರು ಮಾಡಿದವರು. ಇಲ್ಲಿ ನೀವೇ ಒಪಿ. ಬಂಪ್ ಅಂದರೆ ಕೆಳಗೆ ಜಾರಿದ ಪ್ರಶ್ನೆಯನ್ನು ಮೇಲಕ್ಕೆ ತರೋದಕ್ಕೆ ಸುಮ್ನೆ ಒಂದು ಉತ್ತರ ಹಾಕುವುದು. ರೇಷನ್ ಕ್ಯೂನಲ್ಲಿ "ಸ್ವಾಮಿ, ನಂದೂ ಒಂದಿದೆ" ಅಂತ ಕೈ ಎತ್ತಿದ ಹಾಗೆ. ಐಐಆರ್‌ಸಿ ಅಂದರೆ ನನಗೆ ನೆನಪಿರೋ ಪ್ರಕಾರ. ಇದರ ಅಣ್ಣ ಎಎಫ್‌ಎಐಕೆ, ನನಗೆ ಗೊತ್ತಿರೋ ಮಟ್ಟಿಗೆ. ಎರಡೂ ಜಾಮೀನು ಪದಗಳು. ಹೇಳಿದ್ದು ತಪ್ಪಾದರೆ "ನೆನಪಿರೋ ಪ್ರಕಾರ ಅಂದಿದ್ದೆನಲ್ಲ" ಅಂತ ಜಾರಿಕೊಳ್ಳಬಹುದು.

ವೈಎಮ್‌ಎಮ್‌ವಿ ನನಗೆ ತುಂಬಾ ಇಷ್ಟ. "ಯುವರ್ ಮೈಲೇಜ್ ಮೇ ವೇರಿ". ಅಮೆರಿಕದ ಕಾರು ಜಾಹೀರಾತಿನಲ್ಲಿ ಇಷ್ಟು ಮೈಲೇಜ್ ಕೊಡುತ್ತೆ ಅಂತ ಹೇಳಿ, ನಿಮಗೆ ಬೇರೆ ಬರಬಹುದು ಅಂತ ಜೊತೆಗೆ ಸೇರಿಸುತ್ತಿದ್ದರು. ಅಲ್ಲಿಂದ ಬಂದದ್ದು. ನನ್ನ ಗಿಡಕ್ಕೆ ಬೇವಿನ ಹಿಂಡಿ ಕೆಲಸ ಮಾಡಿತು, ನಿಮ್ಮದಕ್ಕೆ ಗ್ಯಾರಂಟಿ ಇಲ್ಲ ಅನ್ನೋದಕ್ಕೆ ಹಾಕುತ್ತಾರೆ.

ಎಸ್‌ಎಮ್‌ಎಚ್: ಶೇಕಿಂಗ್ ಮೈ ಹೆಡ್. ತಲೆ ಆಡಿಸುತ್ತಿದ್ದೇನೆ.

ಮಲ್ಲಿಗೆಬಳ್ಳಿ · 8:31

ತುಂಬಾ ಥ್ಯಾಂಕ್ಸ್ ಕುಮಾರ್ ಅವರೇ. ಆದರೆ ತಲೆ ಆಡಿಸಿದರೆ ಒಪ್ಪಿದ ಹಾಗೆ ತಾನೇ? "ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಾನೆ" ಅಂತೀವಲ್ಲ. ಒಬ್ಬರು ನನ್ನ ಪೋಸ್ಟಿಗೆ ಎಸ್‌ಎಮ್‌ಎಚ್ ಹಾಕಿದ್ದರು. ನಾನು "ಧನ್ಯವಾದಗಳು" ಅಂದುಬಿಟ್ಟೆ.

ಕೀಪ್ಯಾಡ್‌ಕುಮಾರ · 8:34

ಅಯ್ಯೋ. ಅವರದು ಅಡ್ಡಡ್ಡ ಆಡಿಸೋದು. "ಏನು ಜನಾನಪ್ಪ ಇವರು" ಅಂತ. ನಮ್ಮ ಕಡೆ ಆ ಜಾಗದಲ್ಲಿ ಹಣೆ ಚಚ್ಚಿಕೊಳ್ಳುತ್ತೀವಿ. ನೀವು ಧನ್ಯವಾದ ಹೇಳಿದ್ದೇ ಒಳ್ಳೆಯದಾಯಿತು, ಅವರು ಈಗ ನಿಜವಾಗಿ ಹಣೆ ಚಚ್ಚಿಕೊಂಡಿರುತ್ತಾರೆ.

ರಾತ್ರಿಪಾಳಿ · 9:05

ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಓದುತ್ತಿದ್ದೇನೆ. ಮಂಗಳೂರಿನಲ್ಲಿ ನರ್ಸ್. ಉಳಿದ ಎರಡು ನಾನು ಹೇಳುತ್ತೇನೆ ಮಾರಾಯ್ರೆ, ಯಾಕಂದರೆ ಎರಡೂ ಕಡೆ ನಾನು ಬಿದ್ದವಳೇ.

ಟಿಐಎ ಅಂದರೆ ಇಲ್ಲಿ "ಥ್ಯಾಂಕ್ಸ್ ಇನ್ ಅಡ್ವಾನ್ಸ್". ನಮ್ಮ ವಾರ್ಡಿನಲ್ಲಿ ಟಿಐಎ ಅಂದರೆ ಮೆದುಳಿಗೆ ರಕ್ತ ಹೋಗುವುದು ಸ್ವಲ್ಪ ಹೊತ್ತು ತಡೆದು, ಆಮೇಲೆ ಸರಿಯಾಗುವುದು. ಸಣ್ಣ ಸ್ಟ್ರೋಕ್ ಅನ್ನುತ್ತಾರಲ್ಲ, ಅದು. ನನ್ನ ಚಿಕ್ಕಮ್ಮನ ಮಗ ಒಂದು ಸಲ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದ: "ಅಕ್ಕ, ಅಪ್ಪನ ರಿಪೋರ್ಟ್ ನೋಡಿ ಹೇಳು, ಟಿಐಎ". ನಾನು ಕೂಡಲೇ ಫೋನ್ ಮಾಡಿ ಬಾಯಿ ಸೊಟ್ಟ ಆಗಿದೆಯಾ, ಕೈ ಎತ್ತಲಿಕ್ಕೆ ಆಗುತ್ತದಾ ಅಂತ ಕೇಳುತ್ತಿದ್ದೇನೆ. ಅವನು ಅತ್ತ ಕಕ್ಕಾಬಿಕ್ಕಿ. ಚಿಕ್ಕಪ್ಪ ಆರಾಮಾಗಿ ಮಜ್ಜಿಗೆ ಅನ್ನ ಊಟ ಮಾಡುತ್ತಿದ್ದರಂತೆ.

ಪಿಎಮ್ ಅಂದರೆ ಪ್ರೈವೇಟ್ ಮೆಸೇಜ್. ಎಲ್ಲರ ಮುಂದೆ ಬೇಡ, ನನಗೊಬ್ಬನಿಗೆ ಬರೆಯಿರಿ ಅಂತ. ನಮ್ಮಲ್ಲಿ ಪಿಎಮ್ ಅಂದರೆ ಏನು ಅಂತ ಹೇಳುವುದು ಬೇಡ, ನಿಮಗೆಲ್ಲ ಗೊತ್ತುಂಟು. "ಗಿಡ ಬೇಕಾದವರು ಪಿಎಮ್ ಮಾಡಿ" ಅಂತ ಓದಿದಾಗೆಲ್ಲ ನನಗೆ ಒಂದು ಕ್ಷಣ ಹೇಗೋ ಆಗುತ್ತದೆ.

ಇನ್ನೊಂದು. ಡಾಕ್ಟರ ಚೀಟಿಯಲ್ಲಿ ಮಾತ್ರೆಯ ಮುಂದೆ ಎಸ್‌ಒಎಸ್ ಅಂತ ಇದ್ದರೆ ಗಾಬರಿ ಬೀಳಬೇಡಿ. ಅದು ಲ್ಯಾಟಿನ್ನಿನ "ಸಿ ಓಪಸ್ ಸಿಟ್". ಬೇಕಾದರೆ ಮಾತ್ರ ತೆಗೆದುಕೊಳ್ಳಿ ಅಂತ. ನೋವು ಇಲ್ಲದಿದ್ದರೆ ಮಾತ್ರೆಯೂ ಬೇಡ. ಅಪಾಯದ ಕೂಗು ಅಂತ ತಿಳಿದು ಅಳುತ್ತಾ ಬಂದವರನ್ನು ನಾನೇ ಕೂರಿಸಿ ನೀರು ಕೊಟ್ಟಿದ್ದೇನೆ. ಟಿಡಿಎಸ್ ಅಂತ ಇದ್ದರೆ ದಿನಕ್ಕೆ ಮೂರು ಸಲ. ಅದನ್ನು ನೋಡಿ ಒಬ್ಬರು ಅಜ್ಜ "ಮಾತ್ರೆಗೂ ಟ್ಯಾಕ್ಸ್ ಹಿಡಿಯುತ್ತಾರಾ?" ಅಂತ ಕೇಳಿದರು.

ಹಳೇತಂತಿ · 10:20

ಎಸ್‌ಒಎಸ್ ಬಂತಲ್ಲ, ಇನ್ನು ನಾನು ಸುಮ್ನೆ ಕೂಡೂದು ಕಷ್ಟ. ಹುಬ್ಬಳ್ಳಿ ಕಡೆಯವ. ತಂತಿ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದೆ.

ಸಿಸ್ಟರ್ ಹೇಳಿದ್ದು ಔಷಧಿ ಚೀಟಿದು. ನಮ್ಮ ಎಸ್‌ಒಎಸ್‌ಗೆ ಮಾತ್ರ ಯಾವ ವಿಸ್ತರಣೆಯೂ ಇಲ್ಲ ನೋಡ್ರಿ. "ಸೇವ್ ಅವರ್ ಸೋಲ್ಸ್" ಅಂತ ಆಮೇಲೆ ಕಟ್ಟಿದರು. 1906ರಲ್ಲಿ ಬರ್ಲಿನ್ನಿನಲ್ಲಿ ದೇಶಗಳೆಲ್ಲ ಸೇರಿ ಒಪ್ಪಿದ್ದು ಬರೇ ಸದ್ದು. ಮೂರು ಚಿಕ್ಕದು, ಮೂರು ಉದ್ದ, ಮೂರು ಚಿಕ್ಕದು. ಗದ್ದಲದ ನಡುವೆಯೂ ಕಿವಿಗೆ ಹತ್ತುತ್ತದೆ, ಅದಕ್ಕೆ.

ಈಗಿನ ಹುಡುಗರು ಪದ ಮುರಿಯುತ್ತಾರೆ ಅಂತ ಬೈಯುತ್ತಾರಲ್ಲ, ನಾವು ಕಡಿಮೆ ಮುರಿದಿಲ್ಲ. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು. ಕೌಂಟರ್ ಮುಂದೆ ಜನ ಫಾರ್ಮ್ ಹಿಡಿದು ನಿಂತು ಒಂದೊಂದೇ ಪದ ಹೊಡೆದು ಹಾಕುತ್ತಿದ್ದರು. ಉಳಿಯುತ್ತಿದ್ದದ್ದು "ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೇಟ್ಲಿ". ನಾಕು ಪದ. ಅದರಲ್ಲಿ ಸೀರಿಯಸ್ ಅಂದರೆ ಸೀರಿಯಸ್ ಅಲ್ಲ, ಹೋಗಿಬಿಟ್ಟಿದ್ದಾರೆ ಅಂತ ಊರಿಗೆಲ್ಲ ಗೊತ್ತಿತ್ತು. ನೇರ ಬರೆದರೆ ಓದಿದವ ದಾರಿಯಲ್ಲಿ ಏನಾದರೂ ಮಾಡಿಕೊಂಡಾನು ಅಂತ ಹಾಗೆ ಬರೆಯುತ್ತಿದ್ದರು. "ತಂತಿ ಬಂದೈತಿ" ಅಂದರೆ ಸಾಕು, ಒಡೆದು ನೋಡೂದರೊಳಗೆ ಮನೆಯಲ್ಲಿ ಅಳು ಶುರು. ಎಷ್ಟೋ ಸಲ ಒಳಗೆ ನೌಕರಿ ಆರ್ಡರ್ ಇರುತ್ತಿತ್ತು!

ಶುಭಾಶಯಕ್ಕೆ ಬೇರೆ ವ್ಯವಸ್ಥೆ. ಮದುವೆ, ದೀಪಾವಳಿ, ಹೊಸ ವರ್ಷ, ಪರೀಕ್ಷೆ ಪಾಸಾದದ್ದು, ಎಲ್ಲಕ್ಕೂ ಸಿದ್ಧ ಸಾಲು ಇದ್ದವು. ಒಂದೊಂದಕ್ಕೆ ಒಂದು ನಂಬರ್. ಗಿರಾಕಿ ನಂಬರ್ ಬರೆದರೆ ಆತು, ನಾವು ಅಷ್ಟನ್ನೇ ಕಳಿಸುತ್ತಿದ್ದೆವು. ಅತ್ತ ಕಡೆ ಪೂರ್ತಿ ಸಾಲು ಆಗುತ್ತಿತ್ತು. ಒಬ್ಬರು ಗಡಿಬಿಡಿಯಲ್ಲಿ ಗೀಚಿದ ನಂಬರ್ ನಾನು ಬೇರೆ ಓದಿದೆ. ಮದುವೆ ಮಂಟಪಕ್ಕೆ ಹುಟ್ಟುಹಬ್ಬದ ಶುಭಾಶಯ ಹೋತು. ಆ ಮನೆಯವರು ಬೈಯಲಿಲ್ಲ, ಮುಂದಿನ ವರ್ಷ ತೊಟ್ಟಿಲಿಗೆ ಕರೆದರು. "ನೀವು ಮೊದಲೇ ಹೇಳಿದ್ರಿ" ಅಂತ ನಕ್ಕರು.

2013ರ ಜುಲೈಯಲ್ಲಿ ತಂತಿ ಸೇವೆ ನಿಂತಿತು. ಕಡೆಯ ದಿನ ಕೌಂಟರ್ ಮುಂದೆ ಉದ್ದನೆ ಸಾಲು. ಜೀವನದಲ್ಲಿ ಒಂದೂ ತಂತಿ ಕಳಿಸದ ಹುಡುಗರೆಲ್ಲ ತಮಗೆ ತಾವೇ ಕಳಿಸಿಕೊಂಡರು.

ಹವ್ಯಾಸಕ್ಕೆ ರೇಡಿಯೋ ನಡೆಸೋ ಹ್ಯಾಮ್ ರೇಡಿಯೋದವರು ಈಗಲೂ ಮಾತು ಮುಗಿಸುವಾಗ 73 ಅನ್ನುತ್ತಾರೆ. ಶುಭವಾಗಲಿ ಅಂತ. 88 ಅಂದರೆ ಮುತ್ತು ಸಹಿತ ಪ್ರೀತಿ. ಎರಡನ್ನೂ ಅದಲು ಬದಲು ಮಾಡಬ್ಯಾಡ್ರಿ.

73.

ಪಿಯುಪುಟ್ಟಿ · 10:41

ಅಜ್ಜ ನೀವು ಗೋಟ್!! 88 ಕೂಡ ಕಳಿಸಿದ್ದೀನಿ 🙂

ಹಳೇತಂತಿ · 10:58

ಗೋಟ್ ಅಂದರೆ ಆಡು ಅಲ್ಲೇನವ್ವ? ಬೈದದ್ದೋ ಹೊಗಳಿದ್ದೋ?

ಪಿಯುಪುಟ್ಟಿ · 11:02

ಹೊಗಳಿದ್ದು ಅಜ್ಜ!! ಗ್ರೇಟೆಸ್ಟ್ ಆಫ್ ಆಲ್ ಟೈಮ್.

ಅಕ್ಷರಪ್ರಿಯ · 11:30

ಎಲ್ಲರೂ ನಗುತ್ತಿದ್ದೀರಿ. ನನಗೆ ನಗು ಬರುತ್ತಿಲ್ಲ. ಕನ್ನಡದ ಚರ್ಚೆಯಲ್ಲಿ ಕನ್ನಡಿಗರು ಕನ್ನಡಿಗರ ಜೊತೆ ಇಂಗ್ಲಿಷಿನ ಚೂರುಗಳಲ್ಲಿ ಮಾತಾಡುವುದು, ಆಮೇಲೆ ಅದನ್ನು ಬಿಡಿಸಿಕೊಡಿ ಅಂತ ಇನ್ನೊಬ್ಬ ಕನ್ನಡತಿ ಕೇಳುವುದು. ಇದರ ಅಗತ್ಯ ಏನಿತ್ತು? "ನೆನಪಿರೋ ಪ್ರಕಾರ" ಅಂತ ಬರೆದರೆ ಬೆರಳು ಸವೆಯುತ್ತಾ?

ಕೀಪ್ಯಾಡ್‌ಕುಮಾರ · 11:48

ಸಾರ್, ಬೆರಳು ಸವೆಯುತ್ತಿತ್ತು. ನಿಜವಾಗಿ.

ಗುಂಡಿ ಒತ್ತೋ ನೋಕಿಯಾ ನೆನಪಿದೆಯಾ? ಒಂದೊಂದು ಗುಂಡಿಯಲ್ಲಿ ಮೂರು ನಾಲ್ಕು ಅಕ್ಷರ. 7ರಲ್ಲಿ ಪಿ, ಕ್ಯೂ, ಆರ್, ಎಸ್. ಎಸ್ ಬೇಕು ಅಂದರೆ ನಾಲ್ಕು ಸಲ ಒತ್ತಬೇಕು. "ಥ್ಯಾಂಕ್ಸ್" ಪೂರ್ತಿ ಬರೆಯೋಕೆ 12 ಒತ್ತು, ಟಿಎನ್‌ಎಕ್ಸ್ ಅಂದರೆ 5. "ಯೂ" ಅನ್ನೋದಕ್ಕೆ 8 ಒತ್ತು, ಬರೀ ಯು ಅಕ್ಷರಕ್ಕೆ 2. "ಓಕೆ"ಗೆ 5, ಬರೀ ಕೆ ಅಂದರೆ 2. ಬಸ್ಸಿನಲ್ಲಿ ಒಂದು ಕೈಲಿ ಕಂಬಿ ಹಿಡಿದು ಇನ್ನೊಂದು ಕೈಲಿ ಒತ್ತುವವನಿಗೆ ಇದು ಸಣ್ಣ ಉಳಿತಾಯ ಅಲ್ಲ.

ದುಡ್ಡು ಬೇರೆ. ಒಂದು ಎಸ್‌ಎಮ್‌ಎಸ್‌ಗೆ 160 ಅಕ್ಷರ. 161ನೇ ಅಕ್ಷರ ಬಂದರೆ ಎರಡು ಮೆಸೇಜ್ ದುಡ್ಡು. ಹಬ್ಬದ ದಿನ ಪ್ಯಾಕ್ ನಡೆಯುತ್ತಿರಲಿಲ್ಲ, ಪೂರ್ತಿ ರೇಟು. 2011ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ದಿನಕ್ಕೆ 100 ಮೆಸೇಜ್ ಅಂತ ಮಿತಿ ಹಾಕಿತು. 2012ರ ಆಗಸ್ಟ್ ಅಂತೂ ಬೆಂಗಳೂರಿನವರಿಗೆ ಮರೆಯೋಕೆ ಆಗಲ್ಲ. ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಜನ ರೈಲು ಹತ್ತಿ ಊರು ಬಿಟ್ಟರು. ಸರ್ಕಾರ ಮೆಸೇಜಿಗೆ 5ರ ಮಿತಿ ಹಾಕಿತು, ಆಮೇಲೆ 20ಕ್ಕೆ ಏರಿಸಿತು. ಆ ವಾರ ನಾನು ನನ್ನಾಕೆಗೆ, ಆಗಿನ್ನೂ ಮದುವೆ ಆಗಿರಲಿಲ್ಲ, ಇಡೀ ದಿನದ ಸಮಾಚಾರ ಒಂದೇ ಮೆಸೇಜಿನಲ್ಲಿ ತುರುಕಿ ಕಳಿಸುತ್ತಿದ್ದೆ. ಕೊನೆಯದೊಂದು ಬಿಟ್ಟು ಸ್ವರ ಎಲ್ಲ ಕಿತ್ತು. ಸುಮ್ನೆ ಅನ್ನೋದು ಎಸ್‌ಎಮ್‌ಎನ್‌ಇ. ಬರ್ತೀನಿ ಅನ್ನೋದು ಬಿಆರ್‌ಟಿಎನ್‌ಐ.

ಅಕ್ಷರಪ್ರಿಯ · 12:05

ಅದು ಇಂಗ್ಲಿಷ್ ಲಿಪಿಯ ಕಥೆ. ಕನ್ನಡ ಲಿಪಿಯಲ್ಲಿ ಬರೆಯಬಹುದಿತ್ತಲ್ಲ.

ಕೀಪ್ಯಾಡ್‌ಕುಮಾರ · 12:20

ಬರೆಯಬಹುದಿತ್ತು, ಜೇಬು ಗಟ್ಟಿ ಇದ್ದರೆ. ಕನ್ನಡದಲ್ಲಿ ಬರೆದರೆ 160 ಅಲ್ಲ, 70 ಅಕ್ಷರಕ್ಕೇ ಮೆಸೇಜ್ ಮುಗಿಯುತ್ತಿತ್ತು. ಈಗಲೂ ಎಸ್‌ಎಮ್‌ಎಸ್‌ನಲ್ಲಿ ಹಾಗೇ. ಒಂದು ಮೆಸೇಜಿಗೆ 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ನಮ್ಮದಕ್ಕೆ 2 ಬೈಟ್, ಅಂದರೆ 16 ಬಿಟ್ ಬೇಕು.

ಅಕ್ಷರ ಅಂದರೆ ನಾವು ಎಣಿಸೋ ಅಕ್ಷರವೂ ಅಲ್ಲ. ಕಾಗುಣಿತದ ಒಂದೊಂದು ಗುರುತೂ ಬೇರೆ ಲೆಕ್ಕ. ಒತ್ತಕ್ಷರದಲ್ಲಿ ನಡುವೆ ಕಾಣದ ಒಂದು ಅರ್ಧಾಕ್ಷರದ ಗುರುತು ಕೂತಿರುತ್ತೆ, ಅದಕ್ಕೂ ಲೆಕ್ಕ.

ಮಲ್ಲಿಗೆಬಳ್ಳಿ · 12:44

ತಡೀರಿ, ಲೆಕ್ಕ ಅಂದರೆ ನನಗೆ ಬಿಡಿ. "ನಮಸ್ಕಾರ" ತಗೊಳ್ಳೋಣ. ಕಣ್ಣಿಗೆ ನಾಲ್ಕು ಅಕ್ಷರ: ನ, ಮ, ಸ್ಕಾ, ರ. ಕುಮಾರ್ ಹೇಳಿದ ಹಾಗೆ ಬಿಡಿಸಿದರೆ ನ ಒಂದು, ಮ ಒಂದು, ಸ ಒಂದು, ಅರ್ಧಾಕ್ಷರದ ಗುರುತು ಒಂದು, ಕ ಒಂದು, ಆ ದೀರ್ಘ ಒಂದು, ರ ಒಂದು. ಒಟ್ಟು 7. ಅಂದರೆ ಬಿಡುವಿಲ್ಲದೆ ಬರೆದರೆ ಒಂದು ಮೆಸೇಜಿನಲ್ಲಿ ಸರಿಯಾಗಿ 10 ನಮಸ್ಕಾರ. ಇಂಗ್ಲಿಷ್ ಅಕ್ಷರದಲ್ಲಿ ನಮಸ್ಕಾರಕ್ಕೆ 9 ಬೇಕು, ಆದರೂ 17 ನಮಸ್ಕಾರ ಹಿಡಿಸಿ ಇನ್ನೂ 7 ಅಕ್ಷರ ಮಿಗುತ್ತೆ.

ಅರವತ್ತು ದಾಟಿದ ಮೇಲೆ ನಮಸ್ಕಾರವನ್ನು ಭಾಗಿಸುತ್ತೇನೆ ಅಂತ ಅಂದುಕೊಂಡಿರಲಿಲ್ಲ.

ಗದ್ದೆತೋಟ · 1:15

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ನಾನು ಪಟ್ಟ ಪಾಡು ಕೇಳಿ. ನಮ್ಮದು ಶಿವಮೊಗ್ಗ ಕಡೆ, ಸ್ವಲ್ಪ ಅಡಿಕೆ, ಸ್ವಲ್ಪ ಗದ್ದೆ. ರೈತರ ಗುಂಪಿನಲ್ಲಿ ದಿನಾ ಅಡಿಕೆ ರೇಟು, ರಾಶಿ ಎಷ್ಟು, ಬೆಟ್ಟೆ ಎಷ್ಟು ಅಂತ ಮೆಸೇಜ್ ಬರುತ್ತೆ. ಎಲ್ಲ ಇಂಗ್ಲಿಷ್ ಅಕ್ಷರ. ಬೆಲೆ, ಬೆಳೆ, ಬೇಳೆ ಮೂರಕ್ಕೂ ಒಂದೇ ಸ್ಪೆಲಿಂಗು: ಬಿ, ಇ, ಎಲ್, ಇ.

ಒಂದು ಸಲ ಎರಡು ದಿನ ಗಾಳಿ ಮಳೆ ಹೊಡೆದಿತ್ತು. ಗುಂಪಿನಲ್ಲಿ ಒಬ್ಬರು, ದೂರದ ಸಂಬಂಧಿ, "ಬೆಳೆ ಬಿದ್ದಿದೆ" ಅಂತ ಹಾಕಿದ್ದರು. ಪೈರು ಮಲಗಿತು ಪಾಪ, ಕೊಯ್ಲಿಗೆ ಬಂದಿದ್ದ ಭತ್ತ ಅಂತ ನಾನು ಬೈಕ್ ಹತ್ತಿ ಅವರ ಮನೆಗೇ ಹೋದೆ. ಮನೆಯಾಕೆ ಕಾಫಿ ಕೊಟ್ಟರು. ನಾನು ಮುಖ ಸಣ್ಣ ಮಾಡಿ "ಧೈರ್ಯವಾಗಿರಿ, ಪರಿಹಾರಕ್ಕೆ ಅರ್ಜಿ ಹಾಕೋಣ" ಅಂತೀನಿ. ಅವರು ನನ್ನ ಮುಖ ನೋಡುತ್ತಾರೆ. ಹೊರಗೆ ಗದ್ದೆಯಲ್ಲಿ ಪೈರು ನೆಟ್ಟಗೆ ನಿಂತಿದೆ. ಬಿದ್ದದ್ದು ಬೆಲೆ ಮಾರಾಯ್ರೆ, ಅಡಿಕೆದು. ಅಂದರೆ ನನ್ನದೂ ಬಿದ್ದಿತ್ತು. ಅವರು ನನಗೆ ಸಮಾಧಾನ ಹೇಳಿ ಕಳಿಸಿದರು.

ನ್ಯೂಜೆರ್ಸಿನಾಗು · 8:10 ಸಂಜೆ

ಇಲ್ಲಿ ಈಗ ಬೆಳಗ್ಗೆ. ಗದ್ದೆತೋಟದವರ ಕಥೆ ಓದಿ ನಮ್ಮ ಹಳೇ ಮದ್ದು ನೆನಪಾಯಿತು. ತೊಂಬತ್ತರ ದಶಕದಲ್ಲಿ ನಾವು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವಾಗ ಳ ಬೇಕಾದರೆ ದೊಡ್ಡ ಎಲ್, ಣ ಬೇಕಾದರೆ ದೊಡ್ಡ ಎನ್ ಹಾಕುತ್ತಿದ್ದೆವು. ಹಳ್ಳಿಗೂ ಹಲ್ಲಿಗೂ ವ್ಯತ್ಯಾಸ ಗೊತ್ತಾಗುತ್ತಿತ್ತು. ಬರಹ ತಂತ್ರಾಂಶದಲ್ಲೂ ಅದೇ ಪದ್ಧತಿ ಇತ್ತು. ಫೋನ್ ಬಂದ ಮೇಲೆ ದೊಡ್ಡಕ್ಷರ ಹಾಕೋ ತಾಳ್ಮೆ ಹೋಯಿತು.

ಮಲ್ಲಿಗೆಬಳ್ಳಿ ಅಕ್ಕ ಕೇಳಿದ ಪದಗಳಲ್ಲಿ ಎಷ್ಟೋ ಮೊಬೈಲ್ ಎಲ್ಲರ ಕೈಗೆ ಬರೋ ಮುಂಚಿನವು. ಯೂಸ್‌ನೆಟ್ ಅಂತ ಒಂದಿತ್ತು. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಅನ್ನೋ ಇಬ್ಬರು ವಿದ್ಯಾರ್ಥಿಗಳು ಯೋಚಿಸಿದ್ದು. ಊರೂರಿನ ಕಂಪ್ಯೂಟರುಗಳು ಫೋನ್ ತಂತಿ ಮೇಲೆ ಒಂದಕ್ಕೊಂದು ಚರ್ಚೆ ದಾಟಿಸುತ್ತಿದ್ದವು. ಪ್ರತಿ ಸೆಪ್ಟೆಂಬರಿನಲ್ಲಿ ಕಾಲೇಜಿಗೆ ಹೊಸ ಮಕ್ಕಳು ಬರುತ್ತಿದ್ದರು, ಅದೇ ಅದೇ ಪ್ರಶ್ನೆ ಕೇಳುತ್ತಿದ್ದರು. ಹಳಬರು ಸಿಡುಕುತ್ತಾ ಎಫ್‌ಎಕ್ಯೂ ಓದು ಅನ್ನುತ್ತಿದ್ದರು, ಪದೇ ಪದೇ ಕೇಳೋ ಪ್ರಶ್ನೆಗಳ ಪಟ್ಟಿ ಅದು. ಇನ್ನೂ ಸಿಟ್ಟು ಬಂದರೆ ಆರ್‌ಟಿಎಫ್‌ಎಮ್, ಮ್ಯಾನ್ಯುಯಲ್ ಓದು ಅಂತ. ನಡುವಿನ ಎಫ್ ಬಿಡಿಸಲ್ಲ, ಟೀಚರ್ ಇದ್ದಾರೆ. ಒಂದೆರಡು ತಿಂಗಳಲ್ಲಿ ಹೊಸಬರು ಪಳಗುತ್ತಿದ್ದರು. 1993ರಿಂದ ಮನೆಮನೆಗೆ ಸಂಪರ್ಕ ಕೊಡೋ ಕಂಪನಿಗಳು ಬಾಗಿಲು ತೆರೆದವು. ದಿನಾ ಹೊಸಬರು, ವರ್ಷಪೂರ್ತಿ. ಆ ಸೆಪ್ಟೆಂಬರ್ ಮುಗಿಯಲೇ ಇಲ್ಲ ಅಂತ ಹಳಬರು ಇವತ್ತಿಗೂ ಗೊಣಗುತ್ತಾರೆ. ನಾನು ಬಂದದ್ದು 1994ರಲ್ಲಿ. ಗೊಣಗಿಸಿಕೊಂಡವರಲ್ಲಿ ನಾನೂ ಒಬ್ಬ.

ಈ ಸಿಡುಕು ಕಡಿಮೆ ಮಾಡೋಕೆ ಹುಟ್ಟಿದ್ದೇ ನಗುಮುಖ. 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್‌ನಲ್ಲಿ ಸ್ಕಾಟ್ ಫಾಲ್‌ಮನ್, ತಮಾಷೆಗೆ ಹೇಳಿದ್ದಕ್ಕೆ :-) ಈ ಗುರುತು ಹಾಕಿ ಅಂತ ಬರೆದರು. ಜೋಕನ್ನು ನಿಜ ಅಂದುಕೊಂಡು ಜನ ಜಗಳಕ್ಕೆ ಬೀಳುತ್ತಿದ್ದರು, ಅದಕ್ಕೆ.

ಓಎಮ್‌ಜಿ ಹುಡುಗರದ್ದು ಅಂದುಕೊಂಡಿದ್ದೀರಾ? 1917ರಲ್ಲಿ ಬ್ರಿಟನ್ನಿನ ನೌಕಾಪಡೆಯ ಅಡ್ಮಿರಲ್ ಫಿಶರ್ ಚರ್ಚಿಲ್‌ಗೆ ಬರೆದ ಪತ್ರದಲ್ಲೇ ಇದೆ. ಆಗ ಫಿಶರ್‌ಗೆ 76 ವರ್ಷ! ಇನ್ನು ಓಕೆ, ಅದು 1839ರಲ್ಲಿ ಬಾಸ್ಟನ್ ಪತ್ರಿಕೆಯೊಂದರ ತಮಾಷೆ. "ಆಲ್ ಕರೆಕ್ಟ್" ಅನ್ನೋದನ್ನು ಬೇಕೆಂದೇ "ಓಲ್ ಕೊರೆಕ್ಟ್" ಅಂತ ತಪ್ಪು ಕಾಗುಣಿತದಲ್ಲಿ ಬರೆದು ಮೊದಲಕ್ಷರ ಹಿಡಿದರು. ಆ ಕಾಲದ ಅಂಥ ಹತ್ತಾರು ಮುರಿದ ಪದಗಳು ಸತ್ತವು, ಇದೊಂದು ಉಳಿಯಿತು.

ಎಲ್‌ಒಎಲ್ ಬಗ್ಗೆ ಒಂದೇ ಎಚ್ಚರಿಕೆ. ಅದು ಜೋರಾಗಿ ನಗೋದು, "ಲಾಟ್ಸ್ ಆಫ್ ಲವ್" ಅಲ್ಲ. ಬ್ರಿಟನ್ನಿನ ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಮೆಸೇಜಿನ ಕೊನೆಗೆ ಪ್ರೀತಿ ಅಂತಲೇ ಹಾಕುತ್ತಿದ್ದರು ಅಂತ 2012ರಲ್ಲಿ ವಿಚಾರಣಾ ಆಯೋಗದ ಮುಂದೆಯೇ ಬಯಲಾಯಿತು.

ಪಿಯುಪುಟ್ಟಿ · 8:26

ಮಲ್ಲಿಗೆಬಳ್ಳಿ ಆಂಟಿ, ನಿಮ್ಮ ಪ್ರಶ್ನೆಯಿಂದ ನನ್ನದೂ ಒಂದು ಡೌಟ್ ಕ್ಲಿಯರ್ ಆಯ್ತು. ನಮ್ಮಮ್ಮ ಎಲ್ಲದಕ್ಕೂ "ಕೆ" ಅಂತ ಒಂದೇ ಅಕ್ಷರ ಕಳಿಸ್ತಾರೆ. ಅದೂ ಫುಲ್‌ಸ್ಟಾಪ್ ಹಾಕಿ. ನಮ್ಮಲ್ಲಿ ಹಾಗೆ ಬಂದರೆ ಅವರಿಗೆ ಸಿಟ್ಟು ಬಂದಿದೆ ಅಂತ. ಹಾಸ್ಟೆಲಲ್ಲಿ ಕೂತು ಏನು ತಪ್ಪು ಮಾಡಿದೆ ಅಂತ ಯೋಚನೆ ಮಾಡಿದ್ದೀನಿ. ಕುಮಾರ್ ಅಂಕಲ್ ಎರಡು ಒತ್ತು ಅಂದಾಗ ಗೊತ್ತಾಯ್ತು, ಅಮ್ಮ ಇನ್ನೂ ನೋಕಿಯಾದಲ್ಲೇ ಇದ್ದಾರೆ!

ಮಲ್ಲಿಗೆಬಳ್ಳಿ · 8:40

ಪುಟ್ಟಾ, ನಾನೂ ಮಗಳಿಗೆ ಫುಲ್‌ಸ್ಟಾಪ್ ಹಾಕಿಯೇ ಕಳಿಸೋದು. ವಾಕ್ಯ ಮುಗಿದರೆ ಹಾಕಬೇಕಲ್ಲ! ಅವಳೂ ಸಿಟ್ಟು ಅಂದುಕೊಂಡಿದ್ದಾಳಾ?

ಹಾಂ, ನೀನಾದರೂ ಹೇಳು. ಪಕ್ಕದ ಮನೆ ಹುಡುಗನಿಗೆ ಲೆಕ್ಕ ಹೇಳಿಕೊಡುವಾಗ 67 ಅಂದರೆ ಸಾಕು, ಕೈ ಮೇಲೆ ಕೆಳಗೆ ಆಡಿಸಿ ಕಿರುಚುತ್ತಾನೆ. ಏನದು?

ಪಿಯುಪುಟ್ಟಿ · 8:43

ಏನೂ ಇಲ್ಲ ಆಂಟಿ 😂 ಅದಕ್ಕೆ ಅರ್ಥಾನೇ ಇಲ್ಲ. ಸಿಕ್ಸ್ ಸೆವೆನ್ ಅಂತ ಕೂಗೋದು ಅಷ್ಟೇ. 2025ರಲ್ಲಿ ಡಿಕ್ಷನರಿ ಡಾಟ್ ಕಾಮ್ ಅದನ್ನೇ ವರ್ಷದ ಪದ ಅಂತ ಆರಿಸಿತು.

ಅಕ್ಷರಪ್ರಿಯ · 8:50

ಸಂಖ್ಯೆಯನ್ನು ವರ್ಷದ ಪದ ಮಾಡಿದರು. ಇನ್ನು ನಾನು ಹೇಳುವುದೇನೂ ಉಳಿದಿಲ್ಲ.

ಹಳೇತಂತಿ · 9:04

ಅಕ್ಷರಪ್ರಿಯರೇ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನೆಯ ಮದುವೆ ಕಾರ್ಡ್ ತೆಗೆದು ನೋಡ್ರಿ. ಚಿ|| ರಾ|| ಅಂತ ವರ, ಚಿ|| ಕುಂ|| ಸೌ|| ಅಂತ ವಧು. ನಮ್ಮ ಅಪ್ಪನಿಗೆ ನಾನು ಬರೆದ ಕಾಗದ ಶುರುವಾಗುತ್ತಿದ್ದದ್ದೇ "ತೀ.ರೂ." ಅಂತ. ತೀರ್ಥರೂಪ ಅಂತ ಪೂರ್ತಿ ಬರೆದ ನೆನಪೇ ಇಲ್ಲ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಮೂರಕ್ಷರದಲ್ಲಿ ಕುವೆಂಪು ಆದರು, ಅನಕೃ, ತರಾಸು, ಪುತಿನ ಎಲ್ಲ ಹಾಗೇ. ಮೊಟಕು ಮಾಡೂದು ನಮಗೇನು ಹೊಸದಲ್ಲ.

ಅಕ್ಷರಪ್ರಿಯ · 9:22

ಸರಿ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಅದು ಕನ್ನಡದ ಮೊಟಕು. ನನ್ನ ತಕರಾರು ಅಷ್ಟೇ. ಹಾಗಿದ್ದರೆ ಕನ್ನಡದಲ್ಲೇ ಮಾಡೋಣ. ಬಿದ್ದು ಬಿದ್ದು ನಕ್ಕೆ: ಬಿ.ಬಿ.ನ. ಹಣೆ ಚಚ್ಚಿಕೊಂಡೆ: ಹ.ಚ. ನನಗೆ ಗೊತ್ತಿರೋ ಮಟ್ಟಿಗೆ: ನ.ಗೊ.ಮ. ಈಗ ಬಂದೆ: ಈ.ಬಂ.

ಸುಮ್ನೆಬಂದೆ · 9:25

ಬಿ.ಬಿ.ನ. ನ.ಗೊ.ಮ. ಇದು ನಡೆಯಲ್ಲ ಸಾರ್. ಆದರೂ ಬಿ.ಬಿ.ನ.

ಪಿಯುಪುಟ್ಟಿ · 9:26

ಹ.ಚ. ಸೂಪರ್!! ಇವತ್ತಿಂದ ನಮ್ಮ ಹಾಸ್ಟೆಲ್ ಗುಂಪಲ್ಲಿ ಶುರು.

ನ್ಯೂಜೆರ್ಸಿನಾಗು · 9:40

ಈ.ಬಂ. ನೋಡಿ ಖುಷಿಯಾಯಿತು. ಇಂಗ್ಲಿಷಿನವರು ಬಿಆರ್‌ಬಿ ಅನ್ನುತ್ತಾರೆ, ವಾಪಸ್ ಬರುತ್ತೇನೆ ಅಂತ. ನಾವು ಹೊರಡುವಾಗಲೇ "ಬರ್ತೀನಿ" ಅನ್ನೋ ಜನ. ನಮಗೆ ಆ ಪದ ಬೇಕಾಗೇ ಇರಲಿಲ್ಲ.

ಮೇಲ್ವಿಚಾರಕ · 10:00

ಲಿಪಿ ಜಗಳದ ಆರು ಉತ್ತರಗಳನ್ನು ಬೇರೆ ಕಡೆಗೆ ಸಾಗಿಸಿದ್ದೇನೆ. ಒಪಿಯ ಎರಡನೇ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ ಅಂತ ಗಮನಕ್ಕೆ ತರುತ್ತೇನೆ. ಬಂಪ್.

ಗದ್ದೆತೋಟ · 10:12

ಛೆ, ಹೌದಲ್ಲ. ಅಕ್ಕಾ, ಎಲೆ ಹಳದಿ, ನರ ಹಸಿರು ಅಂದರೆ ಕಬ್ಬಿಣದ ಅಂಶ ಕಡಿಮೆ ಇರಬೇಕು, ನ.ಗೊ.ಮ. ಬೋರ್‌ವೆಲ್ ನೀರಾ? ಟಿಡಿಎಸ್ ಎಷ್ಟಿದೆ?

ಮಲ್ಲಿಗೆಬಳ್ಳಿ · 10:15

ಯಾವ ಟಿಡಿಎಸ್? ತೆರಿಗೆದೋ, ಮಾತ್ರೆದೋ?

ಗದ್ದೆತೋಟ · 10:19

ನೀರಿನದು ಅಕ್ಕಾ 😀 ನೀರಿನಲ್ಲಿ ಕರಗಿರೋ ಉಪ್ಪು, ಲವಣ. ಫಿಲ್ಟರ್ ರಿಪೇರಿಗೆ ಬರೋರು ಪೆನ್ನಿನ ಥರದ್ದೊಂದು ಅದ್ದಿ ನೋಡುತ್ತಾರಲ್ಲ, ಅದೇ. ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರ ಆದರೆ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರು ಎಳೆದುಕೊಳ್ಳಲ್ಲ. ಎರಡು ಮೂರು ದಿನ ಹುಳಿ ಬರಿಸಿದ ಮಜ್ಜಿಗೆ ತೆಳ್ಳಗೆ ಮಾಡಿ ಬುಡಕ್ಕೆ ಹಾಕಿ, ಉಪ್ಪು ಹಾಕಿರಬಾರದು. ಸಾಧ್ಯವಾದರೆ ಮಳೆ ನೀರು ಕೊಡಿ. ವೈಎಮ್‌ಎಮ್‌ವಿ.

ರಾತ್ರಿಪಾಳಿ · ಎರಡು ವಾರದ ನಂತರ, ಬೆಳಗ್ಗೆ 9:10

ಬಂಪ್. ಕರಿಬೇವು ಏನಾಯಿತು ಮಾರಾಯ್ರೆ?

ಮಲ್ಲಿಗೆಬಳ್ಳಿ · 9:48

ಟಿಎಲ್‌ಡಿಆರ್: ಎರಡು ಹೊಸ ಚಿಗುರು, ಹಸಿರು.

ಉದ್ದದ್ದು: ಫಿಲ್ಟರ್ ಹುಡುಗನ ಕೈಲಿ ನೀರು ನೋಡಿಸಿದೆ, ತುಂಬಾ ಗಡಸು ಅಂದ. ವಾರಕ್ಕೊಮ್ಮೆ ಹುಳಿ ಮಜ್ಜಿಗೆ, ಮಧ್ಯೆ ಒಂದು ಜೋರು ಮಳೆ, ಬಕೆಟ್ ಇಟ್ಟು ಹಿಡಿದೆ. ಹಳೇ ಎಲೆ ಉದುರಿತು, ಹೊಸದು ಬಂತು. ಫೋಟೋ ತೆಗೆದು ಮಗಳಿಗೆ ಕಳಿಸಿದೆ, ಪಕ್ಕದ ಕೋಣೆಯಲ್ಲೇ ಮೀಟಿಂಗಿನಲ್ಲಿದ್ದಳು. "ಕೆ" ಅಂತ ಬಂತು. ಫುಲ್‌ಸ್ಟಾಪ್ ಇರಲಿಲ್ಲ.

ಅಂದಹಾಗೆ ಬುಧವಾರ ಆ ಅಂಗಡಿ ಕಡೆ ಹೋಗಿದ್ದೆ. ಹುಡುಗ ನನ್ನನ್ನು ನೋಡಿದ ಕೂಡಲೇ "ಮೇಡಂ, ನೀವು ಹೇಳಿದ್ದು ಬರೋದು ಇನ್ನೂ ಒಂದು ವಾರ" ಅಂದ.

ಹ.ಚ.